ಕಸಿ ಎಂಬ ಮಾತಿನ ಎರಡು ಅರ್ಥ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಯಾವ ಮಾತು ಕಿವಿಗೆ ಬಿದ್ದರೂ ಅದರ ಹಿಂದುಮುಂದನ್ನು ಶೋಧಿಸದೆ ಅವನಿಗೆ ಸಮಾಧಾನವಿಲ್ಲ. ಕೆಲವು ವರ್ಷಗಳಿಂದ ನನ್ನನ್ನು ಹೀಗೆ ಕಾಡುತ್ತಿರುವ ಮಾತು 'ಕಸಿ' ಎಂಬುದು. ತೋಟಿಗನ ಬಾಯಲ್ಲಿ ಅದು ಎಷ್ಟು ಸೊಗಸಾದ ಮಾತು! ಒಂದು ಗಿಡದ ಟೊಂಗೆಯನ್ನು ಇನ್ನೊಂದರ ಬುಡಕ್ಕೆ ಕೂಡಿಸಿ, ಕಟ್ಟಿ, ಎರಡರ ರಸವೂ ಒಂದಾಗುವವರೆಗೆ ಕಾಯುವ ತಾಳ್ಮೆಯ ಕೆಲಸ. ಆದರೆ ಅದೇ ಮಾತು ಕ್ರಿಯಾಪದವಾಗಿ ನಿಂತಿತೋ, ಅರ್ಥ ತಿರುವುಮುರುವಾಗುತ್ತದೆ. ಕಸಿಯುವುದೆಂದರೆ ಕಿತ್ತುಕೊಳ್ಳುವುದು. ಒಬ್ಬರ ಕೈಯಲ್ಲಿದ್ದುದನ್ನು ಇನ್ನೊಬ್ಬರು ಎಳೆದುಕೊಳ್ಳುವುದು. ಕೂಡಿಸುವುದಕ್ಕೂ ಕಿತ್ತುಕೊಳ್ಳುವುದಕ್ಕೂ ನಮ್ಮ ಹಿರಿಯರು ಒಂದೇ ಧ್ವನಿಯನ್ನು ಬಳಸಿದರಲ್ಲ, ಇದು ಆಕಸ್ಮಿಕವಿರಬಹುದು. ಆದರೆ 'ಅಂಗಾಂಗ ಕಸಿ' ಎಂದು ಪತ್ರಿಕೆಗಳು ಬರೆಯತೊಡಗಿದ ಮೇಲೆ ಆ ಆಕಸ್ಮಿಕಕ್ಕೆ ಒಂದು ತೂಕ ಬಂದಿದೆ.

ಈ ವಿಚಾರ ನನ್ನ ತಲೆಯನ್ನು ಹೊಕ್ಕಿದ್ದು ನಿಘಂಟಿನಿಂದಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ. ನನ್ನ ಊರು ರೋಣದ ಸೀಮೆಯ ಹೊಳೆಮಣ್ಣೂರ. ಮಲಪ್ರಭೆಯ ದಂಡೆಯ ಊರು. ಹೆಸರನ್ನು ಬಿಡಿಸಿ ಹೊಳೆ, ಮಣ್ಣು, ಊರು ಎಂದು ಓದುವುದು ನನಗೆ ಚಿಕ್ಕಂದಿನ ಚಟ. ೨೦೦೯ರಲ್ಲಿ ಒಮ್ಮೆ, ೨೦೧೯ರಲ್ಲಿ ಇನ್ನೊಮ್ಮೆ ಹೊಳೆ ಊರೊಳಗೆ ಬಂದು ಆ ಮೂರನ್ನೂ ಕಲಸಿಹೋದದ್ದನ್ನು ಕಂಡಿದ್ದೇನೆ. ಎರಡನೆಯ ನೆರೆ ಇಳಿದ ಮೇಲೆ ನಮ್ಮಣ್ಣನ ಕಾಲು ಬಾತವು. ಮೂತ್ರಪಿಂಡಗಳೆರಡೂ ಕೆಲಸ ಬಿಟ್ಟಿವೆಯೆಂದು ತಿಳಿಯುವುದಕ್ಕೆ ಆರು ತಿಂಗಳು ಬೇಕಾದವು. ಆಮೇಲೆ ವಾರಕ್ಕೆ ಎರಡು ಸಲ ರಕ್ತ ಸೋಸುವ ಯಂತ್ರದ ಮುಂದೆ ಮಲಗುವುದು, ಮರಳಿ ಬಸ್ಸು ಹಿಡಿಯುವುದು. ಕೊನೆಗೆ ೨೦೨೨ರಲ್ಲಿ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಅವನಿಗೆ ಮೂತ್ರಪಿಂಡದ ಕಸಿಯಾಯಿತು. ಕೊಟ್ಟವರು ನಮ್ಮ ಅತ್ತಿಗೆ.

ಆ ದಿನಗಳಲ್ಲಿ ಕಾಯುವವರ ಬೆಂಚಿನ ಮೇಲೆ ಕುಳಿತು ನಾನು ಓದಿದ್ದು ಒಂದು ಇಂಗ್ಲಿಷ್ ಗ್ರಂಥ. ಅಲ್ಲಿಯ ತರುಣ ವೈದ್ಯರೊಬ್ಬರು, ನಾನು ಸಾಹಿತ್ಯದ ಮೇಷ್ಟ್ರೆಂದು ತಿಳಿದು, "ಇದನ್ನು ಓದಿ ನೋಡ್ರಿ ಸರ, ನಮ್ಮ ಕಡೆಯವರೂ ಬರೀತಾರ" ಎಂದು ಕೊಟ್ಟರು. ಗ್ರಂಥದ ಹೆಸರು 'ದ ಪಜಲ್ ಪೀಪಲ್', ಬರೆದವರು ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್, ಪ್ರಕಟವಾದದ್ದು ೧೯೯೨ರಲ್ಲಿ. ಮನುಷ್ಯನಿಂದ ಮನುಷ್ಯನಿಗೆ ಯಕೃತ್ತನ್ನು, ಎಂದರೆ ಪಿತ್ತಜನಕಾಂಗವನ್ನು, ಕಸಿ ಮಾಡಲು ಮೊದಲು ಕೈಹಾಕಿದವರು ಇವರು. ವೈದ್ಯಶಾಸ್ತ್ರದ ಗುಣದೋಷ ಹೇಳುವ ಅಧಿಕಾರ ನನಗಿಲ್ಲ. ಆದರೆ ಆತ್ಮಚರಿತ್ರೆಯೆಂಬುದು ಸಾಹಿತ್ಯದ ಒಂದು ಪ್ರಕಾರ. ಆ ಒರೆಗಲ್ಲಿಗೆ ಇದನ್ನು ತಿಕ್ಕಿ ನೋಡುವುದು ತಪ್ಪಾಗಲಾರದೆಂದು ಭಾವಿಸಿದ್ದೇನೆ.

ಸ್ಟಾರ್ಜಲ್ ಹುಟ್ಟಿದ್ದು ೧೯೨೬ರಲ್ಲಿ, ಅಯೋವಾ ಸೀಮೆಯ ಲೆ ಮಾರ್ಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಊರಿನ ಪತ್ರಿಕೆಯನ್ನು ನಡೆಸುತ್ತಿದ್ದವರು. ವಿಜ್ಞಾನದ ಕಲ್ಪನೆಯ ಕಥೆಗಳನ್ನೂ ಬರೆದವರು. ತಾಯಿ ದಾದಿ. ಎಳವೆಯಲ್ಲಿ ಪಾದ್ರಿಯಾಗಬೇಕೆಂದಿದ್ದ ಹುಡುಗನ ಬಾಳು, ೧೯೪೭ರಲ್ಲಿ ತಾಯಿ ಸ್ತನದ ಅರ್ಬುದದಿಂದ ತೀರಿಕೊಂಡ ಮೇಲೆ, ಬೇರೆ ದಾರಿ ಹಿಡಿಯಿತು. ಅಚ್ಚಿನ ಮಸಿಯ ಮನೆಯಲ್ಲಿ ಬೆಳೆದುದರ ಫಲ ಗ್ರಂಥದಲ್ಲಿ ಕಾಣುತ್ತದೆ. ವಾಕ್ಯಗಳು ಗಟ್ಟಿಯಾಗಿವೆ, ಅಲಂಕಾರದ ಹಂಗಿಲ್ಲ, ಹೇಳಬೇಕಾದುದನ್ನು ಹೇಳಿ ಮುಂದೆ ಸಾಗುತ್ತವೆ. ಅರವತ್ತೈದನೆಯ ವಯಸ್ಸಿಗೆ, ೧೯೯೧ರಲ್ಲಿ, ಅವರು ಕತ್ತಿಯನ್ನು ಕೆಳಗಿಟ್ಟರು. ಮರುವರ್ಷ ಈ ಗ್ರಂಥ ಬಂದಿತು. ತೀರಿಕೊಂಡದ್ದು ೨೦೧೭ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಆತ್ಮಚರಿತ್ರೆಯೊಂದನ್ನು ತೂಗುವಾಗ ನಾನು ನೋಡುವುದು ಒಂದೇ ಸಂಗತಿ: ಬರೆದವನು ತನ್ನ ಸೋಲನ್ನು ಎಲ್ಲಿ ಇಡುತ್ತಾನೆ? ಹೆಚ್ಚಿನವರು ಅದನ್ನು ಹಿತ್ತಲ ಬಾಗಿಲಲ್ಲಿ ಇಡುತ್ತಾರೆ; ಗೆಲುವಿಗೆ ಮೆಟ್ಟಿಲಾಯಿತೆಂದು ತೋರಿಸುವುದಕ್ಕಷ್ಟೇ ಅದನ್ನು ಒಳಗೆ ಕರೆಯುತ್ತಾರೆ. ಸ್ಟಾರ್ಜಲ್ ಅದನ್ನು ಪಡಸಾಲೆಯ ನಡುವೆಯೇ ಕೂಡಿಸಿದ್ದಾರೆ. ೧೯೬೩ರ ಮಾರ್ಚ್ ಒಂದನೆಯ ತಾರೀಖು ಡೆನ್ವರಿನಲ್ಲಿ ಅವರು ಮೂರು ವರ್ಷದ ಒಂದು ಕೂಸಿಗೆ ಯಕೃತ್ತಿನ ಕಸಿಗೆ ತೊಡಗಿದರು. ಪಿತ್ತನಾಳ ಕಟ್ಟಿಹೋಗಿ ಹುಟ್ಟಿದ ಕೂಸು. ನೆತ್ತರು ನಿಲ್ಲಲಿಲ್ಲ. ಕೂಸು ಮೇಜಿನ ಮೇಲೆಯೇ ತೀರಿಕೊಂಡಿತು. ಆ ವರ್ಷ ಅವರು ಮತ್ತೆ ನಾಲ್ಕು ಸಲ ಯತ್ನಿಸಿದರು. ಒಬ್ಬ ರೋಗಿಯೂ ಒಂದು ತಿಂಗಳು ಬದುಕಲಿಲ್ಲ. ನೆತ್ತರು ಸೋರದಂತೆ ಕೈಗೊಂಡ ಎಚ್ಚರಿಕೆಯೇ ಮುಳುವಾಗಿತ್ತು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹರಿದಿತ್ತು. ಆಮೇಲೆ ಮೂರು ವರ್ಷಕ್ಕೂ ಮಿಕ್ಕಿ ಅವರು ಆ ಕೆಲಸವನ್ನೇ ನಿಲ್ಲಿಸಿದರು. ೧೯೬೭ರ ಜುಲೈಯಲ್ಲಿ ಮತ್ತೆ ಹಿಡಿದಾಗ ಒಂದು ಹೆಣ್ಣುಕೂಸು ವರ್ಷಕ್ಕೂ ಮೇಲ್ಪಟ್ಟು ಬದುಕಿತು. ಇತಿಹಾಸದಲ್ಲಿ ಅದನ್ನು ಮೊದಲ ಯಶಸ್ಸೆಂದು ಬರೆಯುತ್ತಾರೆ.

ಈ ಭಾಗವನ್ನು ಓದುವಾಗ ನನ್ನ ಮೈ ಜುಮ್ಮೆಂದಿತು. ಪಕ್ಕದ ಕೋಣೆಯಲ್ಲಿ ನಮ್ಮಣ್ಣ ಮಲಗಿದ್ದನಲ್ಲ! ಆದರೆ ವಿಮರ್ಶಕನ ದೃಷ್ಟಿಯಿಂದ ನೋಡಿದರೂ ಈ ಭಾಗವೇ ಗ್ರಂಥದ ಎದೆ. ತಾನು ಶಸ್ತ್ರಕ್ರಿಯೆಯನ್ನು ಪ್ರೀತಿಸಿ ಮಾಡಿದವನಲ್ಲ, ಪ್ರತಿಯೊಂದಕ್ಕೂ ಮುನ್ನ ತನಗೆ ಭಯವಿತ್ತು, ನಂಬಿ ಬಂದವರ ಕೈಬಿಟ್ಟೇನೆಂಬ ಭಯ, ಬದುಕಿದವರಿಗಿಂತ ಸತ್ತವರೇ ಹೆಚ್ಚು ನೆನಪಿನಲ್ಲಿ ಉಳಿದರು ಎಂಬ ಅರ್ಥದ ಮಾತುಗಳನ್ನು ಜಗತ್ತು ಕೊಂಡಾಡಿದ ಒಬ್ಬ ಶಸ್ತ್ರವೈದ್ಯ ಬರೆಯುತ್ತಾನೆ. ಇದು ವಿನಯದ ವೇಷವಲ್ಲ. ವೇಷವಾಗಿದ್ದರೆ ಇಷ್ಟು ಒರಟಾಗಿ ಬರುತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಗೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ನಮ್ಮ ಹೊಳೆಯಾಚೆಯ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ೧೯೪೩ರಿಂದ ಊರೂರು ತಿರುಗಿ ಕಣ್ಣಿನ ಪೊರೆ ತೆಗೆದ ಪುಣ್ಯವಂತರು. ಒಂದೇ ದಿನ ೮೩೩ ಶಸ್ತ್ರಕ್ರಿಯೆ. ಸಂಚರಿಸಿದ ಹಳ್ಳಿಗಳು ೪೬,೧೨೦. ೧೯೯೩ರ ಫೆಬ್ರುವರಿಯವರೆಗೆ ಒಟ್ಟು ೬,೧೦,೫೬೪ ಶಸ್ತ್ರಕ್ರಿಯೆಗಳು. ಗಿನ್ನೆಸ್ ದಾಖಲೆಯ ಗ್ರಂಥದಲ್ಲಿ ಅಚ್ಚಾದ ಈ ಅಂಕಿಗಳನ್ನು ನಾನೇ ಒಂದು ಸಭೆಯಲ್ಲಿ ಬಾಯಿಪಾಠ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅಂಕಿ ಹೇಳಿ ಕೆಳಗಿಳಿದಾಗ ಮುದುಕನೊಬ್ಬ ಬಂದು, ತನ್ನ ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆಕೆ ಮೊದಲು ನೋಡಿದ್ದು ತನ್ನ ಕೈಬಳೆಗಳನ್ನು ಎಂದು ಹೇಳಿದ. ನನ್ನ ಅರ್ಧ ತಾಸಿನ ಭಾಷಣಕ್ಕಿಂತ ಆ ಒಂದು ಮಾತು ದೊಡ್ಡದು. ಮಹನೀಯರನ್ನು ನೆನೆಯುವಾಗ ನಾವು ಮೊದಲು ಎಣಿಸುತ್ತೇವೆ, ಆಮೇಲೆ ಕೈಮುಗಿಯುತ್ತೇವೆ. ಅವರು ಹೆದರಿದ್ದರೇ, ಸೋತಿದ್ದರೇ, ರಾತ್ರಿ ನಿದ್ದೆಗೆಟ್ಟರೇ ಎಂದು ಕೇಳುವುದನ್ನು ಅಗೌರವವೆಂದು ತಿಳಿಯುತ್ತೇವೆ. ಈ ದೋಷ ಆ ಮಹನೀಯರದಲ್ಲ, ಚರಿತ್ರೆ ಹೇಳುವ ನಮ್ಮದು.

ಇನ್ನು ಪೊರೆ ತೆಗೆಯುವುದಕ್ಕೂ ಕಸಿ ಮಾಡುವುದಕ್ಕೂ ಇರುವ ಭೇದವನ್ನು ಹೇಳಬೇಕು. ಪೊರೆ ತೆಗೆಯುವಲ್ಲಿ ಇರುವವರು ಇಬ್ಬರೇ, ರೋಗಿ ಮತ್ತು ವೈದ್ಯ. ಕಸಿಯಲ್ಲಿ ಮೂರನೆಯವರು ಬರುತ್ತಾರೆ, ಕೊಡುವವರು. ಆ ಮೂರನೆಯವರು ಬಂದೊಡನೆ ಕಥೆ ನಾಟಕವಾಗುತ್ತದೆ. ಅಷ್ಟೇ ಅಲ್ಲ, ಶರೀರವೂ ಜಗಳ ತೆಗೆಯುತ್ತದೆ. ಪರರ ಮಾಂಸವನ್ನು ಮೈ ಗುರುತಿಸಿ ಹೊರಗೆ ತಳ್ಳುತ್ತದೆ. ೧೯೫೪ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಎಂಬವರು ಮೂತ್ರಪಿಂಡದ ಕಸಿಯಲ್ಲಿ ಮೊದಲು ಗೆದ್ದರೆಂದರೆ, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದುದೇ ಅದಕ್ಕೆ ಕಾರಣ. ಮೈಗೆ ಅದು ಪರರದೆಂದು ತಿಳಿಯಲೇ ಇಲ್ಲ. ಅವಳಿಯಿಲ್ಲದವರ ಗತಿ? ಆ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಸ್ಟಾರ್ಜಲ್ ಮುಂದಿನ ಸಾಲಿನವರು. ಎರಡು ಔಷಧಿಗಳನ್ನು ಕೂಡಿಸಿ ಕೊಟ್ಟು ಮೈಯ ಹಟವನ್ನು ಮಣಿಸಬಹುದೆಂದು ಅರವತ್ತರ ದಶಕದ ಮೊದಲಲ್ಲಿಯೇ ತೋರಿಸಿದರು. ಮುಂದೆ ಸೈಕ್ಲೋಸ್ಪೊರಿನ್ ಬಂದಿತು. ೧೯೮೯ರಲ್ಲಿ ಅವರೇ ಪಿಟ್ಸ್‌ಬರ್ಗಿನಲ್ಲಿ ಟ್ಯಾಕ್ರೋಲಿಮಸ್ ಎಂಬುದನ್ನು ರೋಗಿಗಳಿಗೆ ಕೊಡತೊಡಗಿದರು.

ಈ ಎರಡು ಔಷಧಿಗಳ ಮೂಲ ಎಲ್ಲಿಯದೆಂದು ವಾಚಕರು ಊಹಿಸಬಲ್ಲರೆ? ಎರಡೂ ಮಣ್ಣಿನಿಂದ ಬಂದವು. ಒಂದು ನಾರ್ವೆ ದೇಶದ ಹಿಡಿಮಣ್ಣಿನಲ್ಲಿದ್ದ ಬೂಸುರಿನಿಂದ. ಇನ್ನೊಂದು ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ. ನಮ್ಮಣ್ಣ ಈಗ ದಿನಕ್ಕೆ ಎರಡು ಹೊತ್ತು ನುಂಗುವ ಗುಳಿಗೆ ಆ ಎರಡನೆಯದೇ. ಎರೆಮಣ್ಣಿನಲ್ಲಿ ಜೋಳ, ಕಡಲೆ ಬಿತ್ತುವ ಒಕ್ಕಲಿಗನಿಗೆ ಈ ಸಂಗತಿ ಹೇಳಿದಾಗ ಅವನು ಗುಳಿಗೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, "ಹಂಗಾರ ಇದೂ ಮಣ್ಣಿನ ಋಣಾನ ಅನ್ನು" ಎಂದ. ಸ್ಟಾರ್ಜಲ್ ತಮ್ಮ ಗ್ರಂಥದಲ್ಲಿ ಪ್ರಯೋಗಶಾಲೆಯ ಕಥೆಯನ್ನು ಎಷ್ಟೋ ಪುಟ ಹೇಳಿದ್ದಾರೆ. ಆದರೆ ನನಗೆ ಅದರ ಅರ್ಥ ಹೊಳೆದದ್ದು ನಮ್ಮಣ್ಣನ ಈ ಮಾತಿನಿಂದ.

ಗ್ರಂಥದ ದೋಷಗಳನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮೊದಲನೆಯದಾಗಿ, ಸಹೋದ್ಯೋಗಿಗಳ ಹೆಸರುಗಳ ದಟ್ಟಣೆ. ಸಂತೆಯಲ್ಲಿ ಸಿಕ್ಕವರೆಲ್ಲರಿಗೂ ಶರಣು ಹೇಳುತ್ತ ನಡೆದಂತೆ ಕಥೆ ನಿಂತು ನಿಂತು ಸಾಗುತ್ತದೆ. ಎರಡನೆಯದಾಗಿ, ವಿದ್ಯಾಪೀಠದ ಒಳಜಗಳಗಳ ವಿವರ. ಅದರಲ್ಲಿ ಅವರ ನೋವಿದೆ, ನಿಜ. ಆದರೆ ಹೊರಗಿನ ಓದುಗನಿಗೆ ಅದು ಬೇರೆ ಊರಿನ ಪಂಚಾಯತಿಯ ಜಗಳದಂತೆ ಕೇಳಿಸುತ್ತದೆ. ಮೂರನೆಯದು ಇವೆರಡಕ್ಕಿಂತ ದೊಡ್ಡದು. ರೋಗಿಗಳ ಮುಖಗಳು ಗ್ರಂಥದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ವೈದ್ಯರ ಮುಖಗಳಂತೂ ಸರಿಯೇ ಸರಿ. ಕೊಟ್ಟವರ ಮುಖ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಗ್ರಂಥದ ಹೆಸರಿಗೆ ಅವರು ಕೊಡುವ ಅರ್ಥ ಚೆಲುವಾದದ್ದು: ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಮಕ್ಕಳ ಆಟವಿದೆಯಲ್ಲ, ಹಾಗೆ ಪರರ ತುಂಡು ಸೇರಿ ಮತ್ತೆ ಮನುಷ್ಯರಾದವರು ಇವರು, ಅವರಷ್ಟೇ ಅಲ್ಲ, ಅವರ ಮನೆಯವರೂ ವೈದ್ಯರೂ ಆ ಅನುಭವದಿಂದ ಬೇರೆಯಾದರು, ಕೆಲವರು ಹಾಳಾದರು, ಕೆಲವರು ಮೇಲಾದರು, ಮೊದಲಿನಂತೆ ಯಾರೂ ಉಳಿಯಲಿಲ್ಲ ಎಂಬುದು ಅದರ ತಾತ್ಪರ್ಯ. ಒಪ್ಪಿದೆ. ಆದರೆ ಚಿತ್ರಕ್ಕೆ ತುಂಡು ಕೊಟ್ಟು ತಾನು ಕೊರತೆಯಾಗಿ ಉಳಿದವನ ಚಿತ್ರ ಎಲ್ಲಿ?

ಹೀಗೆಂದ ಮಾತ್ರಕ್ಕೆ ಸ್ಟಾರ್ಜಲ್ ಕೊಡುವವರನ್ನು ಮರೆತ ಮನುಷ್ಯರೆಂದು ತಿಳಿಯಬಾರದು. ಅವರ ಬಾಳಿನಲ್ಲಿಯೇ ಇದರ ಕಥೆಯಿದೆ. ಡೆನ್ವರಿನ ಮೊದಲ ದಿನಗಳಲ್ಲಿ ಕೊಲೊರಾಡೊದ ಸೆರೆಮನೆಯ ಕೈದಿಗಳು ತಾವಾಗಿ ಮುಂದೆ ಬಂದು ಮೂತ್ರಪಿಂಡ ಕೊಟ್ಟದ್ದುಂಟು. ಸೆರೆಯಲ್ಲಿರುವವನ 'ಒಪ್ಪಿಗೆ' ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಎದ್ದಿತು. ಆ ಪದ್ಧತಿಯನ್ನು ಕೈಬಿಡಲಾಯಿತು. ಆಮೇಲೆ, ಆರೋಗ್ಯವಂತರಾಗಿ ಬಂದು ಕೊಟ್ಟ ಕೆಲವರು ಬೇರೆ ಬೇರೆ ಕಡೆ ಸತ್ತರೆಂಬ ಸುದ್ದಿ ಅವರನ್ನು ಕೊರೆಯಿತು. ೧೯೭೨ರ ನಂತರ ಅವರು ಬದುಕಿರುವವರಿಂದ ಮೂತ್ರಪಿಂಡ ತೆಗೆಯುವುದನ್ನೇ ನಿಲ್ಲಿಸಿಬಿಟ್ಟರು. ಸತ್ತವರಿಂದ ಮಾತ್ರ ಪಡೆಯಬೇಕೆಂಬುದು ಅವರ ನಿಲುವು. ಕತ್ತಿ ಹಿಡಿದವನೇ ಕತ್ತಿಗೆ ಗೆರೆ ಎಳೆದನಲ್ಲ! ಅವರ ಶಸ್ತ್ರಕ್ರಿಯೆಗಳೆಲ್ಲಕ್ಕಿಂತ ಈ ಒಂದು 'ಸಾಕು' ನನಗೆ ದೊಡ್ಡದಾಗಿ ಕಾಣುತ್ತದೆ.

ಈ 'ಸಾಕು' ಎಂಬ ಮಾತು ನನ್ನನ್ನು ನಮ್ಮ ಕಣ್ಣಪ್ಪನ ಕಡೆಗೆ ತಿರುಗಿಸಿತು. ಹರಿಹರ ಕವಿ ರಗಳೆಯಾಗಿ ಹಾಡಿದ ಆ ಬೇಡನ ಕಥೆಯನ್ನು ನಾನು ಪಾಠ ಹೇಳಿದ್ದೇನೆ. ಅದಕ್ಕೂ ಮೊದಲು, ಶ್ರಾವಣದಲ್ಲಿ ನಮ್ಮೂರ ಗುಡಿಯಲ್ಲಿ ಪುರಾಣ ಹಚ್ಚಿದಾಗ, ಅಜ್ಜಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಕೇಳಿದ್ದೇನೆ. ಶಿವನ ಕಣ್ಣಿನಲ್ಲಿ ನೆತ್ತರು ಸುರಿಯಿತು. ಬೇಡ ತನ್ನ ಕಣ್ಣನ್ನು ಕಿತ್ತು ಹಚ್ಚಿದ, ನೆತ್ತರು ನಿಂತಿತು. ಎರಡನೆಯ ಕಣ್ಣಿನಲ್ಲಿಯೂ ನೆತ್ತರು. ಇದನ್ನೂ ಕಿತ್ತರೆ ಹಚ್ಚುವ ಜಾಗ ಕಾಣಬೇಕಲ್ಲ? ಗುರುತಿಗೆಂದು ಕಾಲನ್ನು ದೇವರ ಕಣ್ಣಿನ ಮೇಲೆ ಊರಿ ಬಾಣ ಎತ್ತಿದ. ಆಗ ಶಿವ 'ನಿಲ್ಲು' ಎಂದ.

ಇದನ್ನು ಭಕ್ತಿಯ ಪರಾಕಾಷ್ಠೆಯೆಂದು ನಾವು ಪಾಠ ಹೇಳುತ್ತೇವೆ, ಅದು ಸರಿಯೇ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನೆನೆದಾಗ ಆ ಕಥೆಯ ತಿರುಳು ಬೇಡನ ಬಾಣದಲ್ಲಿಲ್ಲ, ದೇವರ ಆ ಒಂದು ಮಾತಿನಲ್ಲಿದೆ ಎನಿಸಿತು. ಕೊಡುವವನಿಗೆ ಮಿತಿ ತಿಳಿಯುವುದಿಲ್ಲ. ಪ್ರೀತಿಗೆ ಲೆಕ್ಕ ಬರುವುದಿಲ್ಲ. ಆದ್ದರಿಂದ ಮಿತಿಯನ್ನು ಹೇಳಬೇಕಾದವನು ಪಡೆಯುವವನು. ಕೊಡುವ ಕೈಯನ್ನು ಹಿಡಿಯಬೇಕಾದವನು ಪಡೆಯುವವನೇ! ನಮ್ಮ ಪುರಾಣದ ಕವಿಗೆ ಇದು ಗೊತ್ತಿತ್ತು. ಸ್ಟಾರ್ಜಲ್ಲರಿಗೆ ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ, ಆ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಅಣ್ಣನಿಗೆ ಕಸಿಯೇ ದಾರಿಯೆಂದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ನನ್ನ ರಕ್ತದ ಗುಂಪು ಅಣ್ಣನದೇ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. "ಅಂವಾ ನೌಕರಿ ಮಾಡಾಂವ, ಸಣ್ಣ ಮಕ್ಕಳು ಅದಾವ" ಎಂದು ಸೋದರಮಾವ ಅಂದರು. ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತಿಗೆ, "ನಂದ ನೋಡ್ರಿ ಮೊದಲ" ಎಂದರು. ಅವರದೂ ಹೊಂದಿತು. ಎಲ್ಲರೂ ಅವರನ್ನು ಸಾಧ್ವಿಯೆಂದು ಹೊಗಳಿದರು. ಆ ಹೊಗಳಿಕೆಯ ನೆರಳಲ್ಲಿ ನಾನು ತಣ್ಣಗೆ ಕುಳಿತೆ. ಪುಸ್ತಕ ಓದುತ್ತ ಕಾಯುವುದೇ ನನ್ನ ಪಾಲಿನ ಸೇವೆಯಾಯಿತು.

ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ಗುಡಿಯಲ್ಲಿ ಕಣ್ಣಪ್ಪನ ಕಥೆಯೇ ನಡೆದಿತ್ತು. ಮನೆಗೆ ಬಂದ ಮೇಲೆ ನಾನು ನನ್ನ ಹೊಸ ವ್ಯಾಖ್ಯಾನವನ್ನು ಅತ್ತಿಗೆಯ ಮುಂದೆ ಬಿಚ್ಚಿದೆ. ಅವರು ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿ, "ತಮ್ಮಾ, ಕಣ್ಣಪ್ಪಗ ಹೇಣ್ತಿ ಇದ್ಲಲ್ಲ, ಆಕಿ ಏನಂದ್ಲು?" ಎಂದರು. ನಾನು ತಬ್ಬಿಬ್ಬಾದೆ. ಇಷ್ಟು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಅವರೇ ಮುಂದುವರಿದು, "ದವಾಖಾನಿಯೊಳಗ ನನ್ನ ಒಬ್ಬಾಕಿನ್ನ ಕೂಡಿಸಿ, ಯಾರರೆ ಒತ್ತಾಯ ಮಾಡ್ಯಾರೇನು ಅಂತ ಕೇಳಿದ್ರು. ಇಲ್ರಿ ಅಂದೆ. ಖರೇನ ಅದು. ಆದರ ಒಲ್ಲೆ ಅನ್ನಾಕ ಜಾಗಾ ಇತ್ತೇನು ಅಂತ ಕೇಳಿದ್ದರ ಏನ್ ಹೇಳ್ತಿದ್ನೋ!" ಎಂದು ನಕ್ಕರು. ನಗೆಯಲ್ಲಿ ಕಹಿ ಇರಲಿಲ್ಲ. ಗಂಡ ಬದುಕಿದ್ದಾನೆ, ಹೊಲಕ್ಕೆ ಹೋಗಿಬರುತ್ತಾನೆ, ಆ ಸಂತೋಷ ಅವರಿಗೆ ನಿಜವಾದದ್ದು. ಅದರ ಪಕ್ಕದಲ್ಲಿ ಈ ಪ್ರಶ್ನೆಯೂ ನಿಜವಾದದ್ದು.

ಸೆರೆಮನೆಯ ಕೈದಿಯ ಒಪ್ಪಿಗೆ ಎಷ್ಟರದೆಂದು ಅಮೆರಿಕದಲ್ಲಿ ಕೇಳಿದರು. ತುಂಬಿದ ಮನೆಯ ಸೊಸೆಯ ಒಪ್ಪಿಗೆ ಎಷ್ಟರದೆಂದು ನಾವು ಕೇಳಬೇಡವೆ? ನಮ್ಮ ದೇಶದಲ್ಲಿ ಬದುಕಿದ್ದು ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ತಾಯಂದಿರು, ಹೆಂಡಂದಿರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಪುರಾಣದ ಕಣ್ಣಪ್ಪ ಗಂಡಸು. ಆಸ್ಪತ್ರೆಯ ಕಣ್ಣಪ್ಪ ಸೀರೆ ಉಟ್ಟಿದ್ದಾಳೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ೧೯೭೧ರಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾದಂದಿನಿಂದ ನಾವು ವಿದ್ಯೆಯಲ್ಲಿ ಬಹಳ ದೂರ ಬಂದಿದ್ದೇವೆ. ನಡುವೆ ಮೂತ್ರಪಿಂಡವನ್ನು ಹಣಕ್ಕೆ ಮಾರಿಸುವ ಹೇಸಿಗೆಯೂ ನಡೆಯಿತು. ಬಡವನ ಪಾಲಿಗೆ ಕಸಿ ಎಂಬ ನಾಮಪದ ಕ್ರಿಯಾಪದವಾದ ಕಾಲ ಅದು. ೧೯೯೪ರ ಕಾಯ್ದೆ ಆ ವ್ಯಾಪಾರವನ್ನು ಅಪರಾಧವೆಂದಿತು. ಮಿದುಳು ಸತ್ತವರನ್ನು ಸತ್ತವರೆಂದೇ ಒಪ್ಪಿ ಅವರ ಅಂಗಗಳನ್ನು ಪಡೆಯಲು ದಾರಿ ಮಾಡಿತು. ಆ ವರ್ಷ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ಡಾಕ್ಟರ್ ವೇಣುಗೋಪಾಲರು ಹೃದಯದ ಕಸಿ ಮಾಡಿದರು. ಕಾಯ್ದೆ ಹಣದ ಒತ್ತಾಯವನ್ನು ಹಿಡಿಯಬಲ್ಲದು. ಪಡಸಾಲೆಯ ಮೌನದ ಒತ್ತಾಯವನ್ನು ಯಾವ ಕಾಯ್ದೆ ಹಿಡಿದೀತು?

ಹಾಗಾದರೆ ದಾರಿಯೇನು? ದಾರಿಯನ್ನು ಸ್ಟಾರ್ಜಲ್ ತೋರಿಸಿದ್ದಾರೆ, ನಮ್ಮವರೂ ತೋರಿಸಿದ್ದಾರೆ. ೧೯೫೪ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ನಾಯಕನಾಗಿ ಮೊದಲು ಬೆಳ್ಳಿತೆರೆಯ ಮೇಲೆ ಬಂದ ಮುತ್ತುರಾಜರು, ಎಂದರೆ ನಮ್ಮ ರಾಜಕುಮಾರರು, ೨೦೦೬ರ ಏಪ್ರಿಲ್ ೧೨ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ನಿಜವಾಗಿಯೇ ದಾನ ಮಾಡಲಾಯಿತು. ಐವತ್ತೆರಡು ವರ್ಷಗಳ ಹಿಂದೆ ಆಡಿದ ಪಾತ್ರವನ್ನು ನಟನೊಬ್ಬ ಹೀಗೆ ಪೂರೈಸಿದ ಉದಾಹರಣೆ ಬೇರೆ ಎಲ್ಲಿದೆಯೋ ನಾನರಿಯೆ. ೨೦೨೧ರ ಅಕ್ಟೋಬರ್ ೨೯ರಂದು ಅವರ ಮಗ ಪುನೀತ ಅಕಾಲದಲ್ಲಿ ಹೋದಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾಕ್ಟರ್ ಭುಜಂಗ ಶೆಟ್ಟರ ತಂಡದವರು ಆ ಎರಡು ಕಣ್ಣುಗಳ ಪಾರಪಟಲಗಳನ್ನು ಪದರುಪದರಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಎರಡು ಕಣ್ಣು ನಾಲ್ವರಿಗೆ! ಇಲ್ಲಿ 'ನಿಲ್ಲು' ಎನ್ನುವ ದೇವರು ಬೇಕಾಗಿಲ್ಲ. ಸತ್ತ ಮೇಲೆ ಕೊಡುವವನಿಗೆ ಮಿತಿಯಿಲ್ಲ. ಅವನಿಂದ ಯಾರೂ ಏನನ್ನೂ ಕಸಿಯುವುದಿಲ್ಲ. ಕಸಿ ಎಂಬ ಮಾತು ತೋಟಿಗನ ಅರ್ಥಕ್ಕೆ ಮರಳುವುದು ಇಲ್ಲಿಯೇ.

ಸತ್ತವರು ಕೊಡದ ಊರಿನಲ್ಲಿ ಬದುಕಿದವರು ಕೊಡಬೇಕಾಗುತ್ತದೆ. ಬದುಕಿದವರಲ್ಲಿ ಯಾರ ದನಿ ಸಣ್ಣದೋ ಅವರು ಮೊದಲು ಕೊಡಬೇಕಾಗುತ್ತದೆ. ಇಷ್ಟೇ ಇದರ ಗಣಿತ. ಹೂಳುವುದಕ್ಕೂ ಸುಡುವುದಕ್ಕೂ ನಾವು ಒಪ್ಪಿಸುವ ದೇಹದಲ್ಲಿ ಹಲವರ ಬಾಳಿದೆಯೆಂದು ತಿಳಿದೂ ಸುಮ್ಮನಿರುವವನು, ನನ್ನಂತೆ, ಆ ಮೌನದ ಬೆಲೆಯನ್ನು ಇನ್ನೊಬ್ಬರ ಮೈಯಿಂದ ಕೊಡಿಸುತ್ತಾನೆ.

ಸ್ಟಾರ್ಜಲ್ಲರ ಗ್ರಂಥ ಕನ್ನಡದ ಓದುಗರ ಕೈಗೆ ಬರಬೇಕಾದದ್ದು. ಅದರ ಹೆಸರುಗಳ ದಟ್ಟಣೆಯನ್ನು ಸಹಿಸಿದರೆ, ಹೆದರಿಕೆಯನ್ನು ಒಪ್ಪಿಕೊಂಡ ಒಬ್ಬ ಧೀರನ ಸಹವಾಸ ದೊರೆಯುತ್ತದೆ. ಅದನ್ನು ಓದಿದ ಮೇಲೆ ಇನ್ನೊಂದು ಗ್ರಂಥದ ಕೊರತೆಯೂ ಎದ್ದು ಕಾಣುತ್ತದೆ: ಕೊಟ್ಟವರ ಆತ್ಮಚರಿತ್ರೆ. ಅದನ್ನು ಬರೆಯಬಲ್ಲವರು ನಮ್ಮ ಮನೆಯ ಒಲೆಯ ಮುಂದೆಯೇ ಕುಳಿತಿದ್ದಾರೆ. ಅಕ್ಷರ ಅಷ್ಟಾಗಿ ಬಾರದು. ನಾನು ಬರೆದುಕೊಳ್ಳುತ್ತೇನೆ, ನೀವು ಹೇಳಿರಿ ಎಂದು ಕೇಳಿದ್ದೇನೆ. "ಸುಗ್ಗಿ ಮುಗೀಲಿ ನೋಡೂಣು" ಎಂದಿದ್ದಾರೆ. ಅಂಗದಾನದ ಪತ್ರಕ್ಕೆ ನಾನು ಈಚೆಗೆ ಸಹಿ ಮಾಡಿದ್ದನ್ನೂ ಅವರಿಗೆ ಹೇಳಿದೆ. ಅವರು ಕೈಯ ಹಿಟ್ಟನ್ನು ಝಾಡಿಸಿ, "ಅದನ್ನ ಮಕ್ಕಳಿಗೂ ಹೇಳಿಡು ತಮ್ಮಾ, ನಿನ್ನ ಪುಸ್ತಕದ ಕಪಾಟಿನ್ಯಾಗ ಇಟ್ಟೀಗಿಟ್ಟಿ" ಎಂದರು.